ಹಳೆ ವಿಂಡ್‌ಸರ್ಫಿಂಗ್ ಬೋರ್ಡು ಹೊಸಬರಿಗೆ ನಡೆಯುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರಾ (ಟಿಬಿ) ಡ್ಯಾಮಿನ ಹಿನ್ನೀರು ನೋಡಿ ಬೆಳೆದವರು ಒಮ್ಮೆ ಗೋವಾಕ್ಕೆ ಹೋಗಿ ಬಂದರೆ ವಿಂಡ್‌ಸರ್ಫಿಂಗಿನ, ಅಂದರೆ ಹಾಯಿ ಕೂಡಿಸಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಹುಕಿ ಹತ್ತುವುದು ಸಹಜ. ಇಷ್ಟು ನೀರಿದೆ, ಇಷ್ಟು ಗಾಳಿ ಇದೆ, ಒಂದು ಹಾಯಿ ಇದ್ದರೆ ಸಾಕಲ್ಲ ಅನ್ನಿಸುತ್ತದೆ. ಹೊಸ ಸಾಮಾನಿನ ಬೆಲೆ ಕೇಳಿದ ಕೂಡಲೇ ಮಾತು ಹಳೆಯದರ ಕಡೆ ತಿರುಗುತ್ತದೆ. ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯವರು ಫೋನಿನಲ್ಲಿ, ಪತ್ರದಲ್ಲಿ, ಚಹಾದಂಗಡಿಯಲ್ಲಿ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ.

## ಕೊಳ್ಳುವ ಮೊದಲು

ಗೋವಾದಾಗ ಒಂದು ಹಳೇ ಬೋರ್ಡ್ ಅಗ್ಗಕ್ಕ ಸಿಗಾಕತ್ತೈತ್ರಿ. ತಗೊಳ್ಳಲೇನ್ರಿ?

ಮೊದಲು ಅದು ಯಾವ ಕಾಲದ್ದು ಅಂತ ಕೇಳಿ. 1970ರ ದಶಕದ ಕೊನೆಯಿಂದ 80ರ ದಶಕ ಮುಗಿಯುವವರೆಗೆ ಬಂದ ಉದ್ದನೆಯ ಬೋರ್ಡುಗಳು ಮೂರೂವರೆ ಮೀಟರ್ ಆಸುಪಾಸು ಉದ್ದ, 60ರಿಂದ 68 ಸೆಂ.ಮೀ. ಅಗಲ ಇರುತ್ತವೆ. ನಡುವಿನ ಸೀಳಿನಿಂದ ನೀರಿಗೆ ಇಳಿಯುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್ ಇರುತ್ತದೆ. ಮೈ ಗಟ್ಟಿಯಾಗಿದ್ದರೆ ಇವು ಕಲಿಯಲು ಇವತ್ತಿಗೂ ನಡೆಯುತ್ತವೆ.

90ರ ದಶಕಕ್ಕೆ ಬಂದರೆ ಕಥೆಯೇ ಬೇರೆ. ಆಗ ಎಲ್ಲರಿಗೂ ವೇಗದ ಹುಚ್ಚು. ಬೋರ್ಡುಗಳು ಎರಡೂಮುಕ್ಕಾಲು ಮೀಟರಿಗೆ ಇಳಿದವು, ಅಗಲ 55 ಸೆಂ.ಮೀ. ಸುತ್ತಮುತ್ತ ನಿಂತಿತು, ಡ್ಯಾಗರ್‌ಬೋರ್ಡ್ ಮಾಯವಾಯಿತು. ಜೋರು ಗಾಳಿಯಲ್ಲಿ ಓಡುತ್ತಿರುವಾಗ ಮಾತ್ರ ಇವು ನಿಮ್ಮನ್ನು ಹೊರುತ್ತವೆ, ನಿಂತರೆ ಕಾಲಡಿಯಲ್ಲೇ ಮುಳುಗುತ್ತವೆ. ಹೊಸಬರು ಇದನ್ನು ಪುಕ್ಕಟೆ ಕೊಟ್ಟರೂ ತರಬಾರದು. 2000ದ ಈಚೆಗೆ ಬೋರ್ಡುಗಳು ಮತ್ತೆ ಅಗಲವಾದವು. 75 ಸೆಂ.ಮೀ.ಗಿಂತ ಅಗಲವಿರುವ, ಕಲಿಯುವವರಿಗೆಂದೇ ಮಾಡಿದ ಬೋರ್ಡ್ ಸಿಕ್ಕರೆ ಬಿಡಬೇಡಿ.

ಹೀಗಾಗಿ ಮೂವತ್ತು ವರ್ಷದ ಬೋರ್ಡಿಗಿಂತ ನಲವತ್ತು ವರ್ಷದ್ದೇ ನಿಮಗೆ ಮೇಲಾಗಬಹುದು. ಮಾರುವವರು ಮಾತ್ರ 90ರ ದಶಕದ್ದಕ್ಕೆ ಹೆಚ್ಚು ಹೇಳುತ್ತಾರೆ, ಬಣ್ಣ ಚೆನ್ನಾಗಿರುತ್ತದಲ್ಲ.

ಲೀಟರ್ ಲೀಟರ್ ಅಂತಾರಲ್ರಿ, ಬೋರ್ಡಿನ್ಯಾಗ ನೀರು ತುಂಬತಾರೇನು?

ಇಲ್ಲ, ಅದು ಬೋರ್ಡಿನ ಗಾತ್ರ. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆಜಿ ಭಾರವನ್ನು ತೇಲಿಸುತ್ತದೆ. ನೀವು 70 ಕೆಜಿ, ಬೋರ್ಡ್ 18, ಹಾಯಿ, ಅದನ್ನು ಹೊರುವ ಕಂಬ (ಮಾಸ್ಟ್) ಎಲ್ಲ ಸೇರಿ 10 ಅಂತ ಹಿಡಿಯಿರಿ, 98 ಆಯಿತು. 98 ಲೀಟರಿನ ಬೋರ್ಡ್ ಸಾಕು ಅಂದುಕೊಂಡರೆ ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿರುತ್ತೀರಿ, ಅಲುಗಾಡಿದರೆ ಬಿದ್ದಿರಿ. ಕಲಿಯುವಾಗ ನಿಮ್ಮ ತೂಕಕ್ಕೆ ಇನ್ನೂ ನೂರು ಕೂಡಿಸಿದಷ್ಟು ಲೀಟರ್ ಇದ್ದರೆ ನೆಮ್ಮದಿ. 70 ಕೆಜಿಯವರಿಗೆ 170, 85 ಕೆಜಿಯವರಿಗೆ 185. ಹಳೆಯ ಉದ್ದ ಬೋರ್ಡುಗಳು ಸಾಮಾನ್ಯವಾಗಿ 200 ದಾಟಿರುತ್ತವೆ.

ಹಳೆಯದರ ಮೇಲೆ ಲೀಟರ್ ಬರೆದಿರದೇ ಇರಬಹುದು. ಟೇಪ್ ಹಿಡಿದು ಉದ್ದ, ಅಗಲ, ದಪ್ಪವನ್ನು ಸೆಂ.ಮೀ.ನಲ್ಲಿ ಅಳೆದು ಗುಣಿಸಿ, ಸಾವಿರದಿಂದ ಭಾಗಿಸಿ, ಬಂದದ್ದರ ಅರ್ಧಕ್ಕಿಂತ ತುಸು ಹೆಚ್ಚು ಹಿಡಿಯಿರಿ. 370 ಉದ್ದ, 65 ಅಗಲ, 16 ದಪ್ಪ ಇದ್ದರೆ 385 ಬರುತ್ತದೆ, ಅಂದರೆ ಸುಮಾರು 210 ಲೀಟರ್. 270, 56, 11 ಇದ್ದರೆ 90ರ ಹತ್ತಿರ. ಅಂದಾಜು ಲೆಕ್ಕವೇ, ಆದರೆ ಬೇಕೋ ಬೇಡವೋ ಅಂತ ತೀರ್ಮಾನಿಸಲು ಇಷ್ಟು ಸಾಕು.

ಮಗಳಿಗೆ 11 ವರ್ಷ. ನನ್ನ ಬೋರ್ಡೇ ಅವಳಿಗೂ ನಡೆಯುತ್ತದಾ?

ಬೋರ್ಡ್ ನಡೆಯುತ್ತದೆ, ಹಾಯಿ ನಡೆಯುವುದಿಲ್ಲ. ಆ ವಯಸ್ಸಿಗೆ ಎರಡರಿಂದ ಮೂರು ಚದರ ಮೀಟರ್ ಹಾಯಿ, ಅದಕ್ಕೆ ಸಣ್ಣ ಮಾಸ್ಟ್, ಕೈಯೊಳಗೆ ಹಿಡಿಯುವಷ್ಟು ಸಪೂರ ಬೂಮ್ (ಹಾಯಿಯನ್ನು ಹಿಡಿದು ನಿಲ್ಲುವ ಅಡ್ಡಕೋಲು) ಬೇಕು. ನಿಮ್ಮ ಹಾಯಿಯನ್ನೇ ಕೊಟ್ಟರೆ ನೀರಿನಿಂದ ಎತ್ತುವಷ್ಟರಲ್ಲಿ ಸೊಂಟ ಸೋತು, ಮಗು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಗೋವಾದಿಂದ ಊರಿಗೆ ತರೋದು ಹೆಂಗ್ರಿ?

ಬೋರ್ಡಿನ ಬೆಲೆಗಿಂತ ಇದರ ಖರ್ಚೇ ಹೆಚ್ಚಾಗಬಹುದು, ಮೊದಲೇ ಲೆಕ್ಕ ಹಾಕಿ. ಬಸ್ಸಿನ ಮಾತು ಬಿಡಿ. ಛೋಟಾ ಹಾಥಿಯ ತೊಟ್ಟಿಗಿಂತ ಬೋರ್ಡ್ ಒಂದೂವರೆ ಮೀಟರ್ ಉದ್ದ, ಓರೆಯಾಗಿ ಇಟ್ಟು ಹಿಂದೆ ಕೆಂಪು ಬಟ್ಟೆ ಕಟ್ಟಬೇಕು. ವಾಸ್ಕೋದಿಂದ ಹುಬ್ಬಳ್ಳಿ, ಕೊಪ್ಪಳ, ಬಳ್ಳಾರಿ ದಾಟಿ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಪಾರ್ಸೆಲ್ ಹಾಕುವ ಯೋಚನೆ ಇದ್ದರೆ, ಉದ್ದ ಹೇಳಿ ಪಾರ್ಸೆಲ್ ಕಚೇರಿಯಲ್ಲಿ ಒಪ್ಪಿಗೆ ಪಡೆದ ಮೇಲೆ ದುಡ್ಡು ಕೊಡಿ. ಮಾಸ್ಟ್ ಎರಡು ತುಂಡಿನದಾದರೆ ಅರ್ಧ ತಲೆನೋವು ಕಡಿಮೆ.

## ಬೋರ್ಡ್ ಕಣ್ಣೆದುರಿಗೆ ಬಂದಾಗ

ಫೋಟೊ ಕಳಿಸ್ತೀನಿ ಸರ್, ನೋಡಿ ಒಳ್ಳೇದೋ ಕೆಟ್ಟದ್ದೋ ಹೇಳ್ತೀರಾ?

ಫೋಟೊದಲ್ಲಿ ಆಕಾರ ಗೊತ್ತಾಗುತ್ತದೆ, ಆರೋಗ್ಯ ಗೊತ್ತಾಗುವುದಿಲ್ಲ. ಬೋರ್ಡ್ ಬೇಡ ಅಂತ ಹೇಳಲು ಫೋಟೊ ಸಾಕು, ಬೇಕು ಅಂತ ಹೇಳಲು ಕೈಯಿಂದ ಮುಟ್ಟಲೇಬೇಕು.

ಹೋದಾಗ ಹೀಗೆ ಮಾಡಿ. ಕಾಲಿಟ್ಟು ನಿಲ್ಲುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಒಳಗೆ ಕುಸಿದು ಮತ್ತೆ ಮೇಲೆದ್ದರೆ ಮೇಲಿನ ಪದರ ಒಳಗಿನ ಫೋಮನ್ನು ಬಿಟ್ಟಿದೆ ಅಂತ ಅರ್ಥ. ಬಳಿಕ ಒಂದು ನಾಣ್ಯದಿಂದ ಮೂಗಿನಿಂದ ಬಾಲದವರೆಗೆ ತಟ್ಟಿ. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂತ ಮಂಕಾದರೆ ಅಲ್ಲಿ ಗೆರೆ ಎಳೆದು ಗುರುತು ಮಾಡಿ. ಅಂಗೈಯಗಲ ಇದ್ದರೆ ಚೌಕಾಸಿಗೆ ದಾರಿಯಾಯಿತು. ನಿಲ್ಲುವ ಜಾಗದ ಪೂರಾ ಹರಡಿದ್ದರೆ ನಮಸ್ಕಾರ ಹೇಳಿ ಬನ್ನಿ.

ಬಿರುಕುಗಳು ಹೆಚ್ಚಾಗಿ ಮೂರು ಕಡೆ ಹುಟ್ಟುತ್ತವೆ: ಮಾಸ್ಟ್ ಕೂರುವ ತೋಡು, ಬಾಲದಡಿ ಫಿನ್ (ಸಣ್ಣ ರೆಕ್ಕೆ) ಸಿಕ್ಕಿಸುವ ಪೆಟ್ಟಿಗೆ, ಡ್ಯಾಗರ್‌ಬೋರ್ಡಿನ ಸೀಳು. ಕೂದಲೆಳೆಯಂಥ ಗೆರೆ ಕಂಡರೆ, ಬೋರ್ಡನ್ನು ಹತ್ತು ನಿಮಿಷ ಬಿಸಿಲಿಗಿಟ್ಟು ಅದರ ಮೇಲೆ ಸೋಪಿನ ನೀರು ಸವರಿ. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಸಣ್ಣ ಗುಳ್ಳೆ ಏಳಿಸಿದರೆ ಬಿರುಕು ಒಳಗಿನವರೆಗೂ ಹೋಗಿದೆ. ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವ ವಿದ್ಯೆಯೇ ಇದು. ಮಾರುವವರು ಇದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಎತ್ತಿದ್ರ ಭಾಳ ವಜ್ಜೆ ಅನಸ್ತದ. ನೀರು ಕುಡದದೇನು?

ಇರಬಹುದು, ಇಲ್ಲದೆಯೂ ಇರಬಹುದು. ಹಳೆಯ ಪ್ಲಾಸ್ಟಿಕ್ ಮೈಯ ಬೋರ್ಡುಗಳು ಹುಟ್ಟಾ 18ರಿಂದ 22 ಕೆಜಿ ತೂಗುತ್ತವೆ. ಅಂದಾಜಿನಲ್ಲಿ ಬೇಡ, ಕಾಟಾದ ಮೇಲೆ ತೂಗಿ. ನಮ್ಮ ಕಡೆ ಭತ್ತ, ಮೆಣಸಿನಕಾಯಿ ತೂಗುವ ಕಾಟಾಕ್ಕೇನು ಬರ? 25 ದಾಟಿದರೆ ಅನುಮಾನ ಪಡಿ. ಪಕ್ಕಕ್ಕೆ ವಾಲಿಸಿ ಒಂದು ರಾತ್ರಿ ನಿಲ್ಲಿಸಿದಾಗ ಕೆಳಗಿನ ಬಿರುಕಿನಿಂದ ಕಂದು ನೀರು ಒಸರಿದರೆ ಅನುಮಾನವೂ ಬೇಡ. ಫೋಮ್ ಒಮ್ಮೆ ನೀರು ಹೀರಿದರೆ ಪೂರ್ತಿ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಎಷ್ಟೋ ಸಲ ಒಣಗುವುದೇ ಇಲ್ಲ.

ಬಿರುಕು ಬಿಟ್ಟಿದೆ. ನಮ್ಮೂರ ಫೈಬರ್ ಕೆಲಸದವರು ಒಂದು ದಿನದಲ್ಲಿ ಮಾಡಿಕೊಡ್ತೀನಿ ಅಂತಾರೆ. ಮಾಡಿಸಲಾ?

ಅವರ ಕೈ ಚೆನ್ನಾಗಿರುತ್ತದೆ, ತೊಂದರೆ ಇರುವುದು ಅವರ ಡಬ್ಬಿಯಲ್ಲಿ. ಬಸ್ ಬಾಡಿ, ಬಂಪರ್, ಫೈಬರ್ ಬಾಗಿಲಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು. ಬೋರ್ಡಿನ ಒಳಗೆ ಥರ್ಮಾಕೋಲ್ ಜಾತಿಯ ಬಿಳಿ ಫೋಮ್ ಇದ್ದರೆ ಆ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಮೇಲೆ ನುಣ್ಣಗೆ ಕಾಣುತ್ತದೆ, ಒಳಗೆ ಪೊಳ್ಳು. ಅಂಥ ಬೋರ್ಡಿಗೆ ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ನೇ ಆಗಬೇಕು. ಗೊತ್ತಾಗದಿದ್ದರೆ ಒಳಗಿನ ಫೋಮಿನ ಒಂದು ಚೂರು ತೆಗೆದು ಅವರ ರೆಸಿನ್‌ನಲ್ಲಿ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ಇನ್ನೊಂದು ಜಾತಿ ಇದೆ, ಪಾಲಿಥಿನ್ ಮೈಯದ್ದು. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ, ಉಗುರಿನಿಂದ ಗೀರಿದರೆ ಸಣ್ಣ ಎಳೆ ಏಳುತ್ತದೆ. ಇದಕ್ಕೆ ಎಪಾಕ್ಸಿಯೂ ಅಂಟುವುದಿಲ್ಲ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಬಿಸಿಗಾಳಿಯ ವೆಲ್ಡಿಂಗ್ ಮಾಡುವವರು ಬರುತ್ತಾರಲ್ಲ, ಅವರಿಗೆ ತೋರಿಸಿ. ಯಾವುದೇ ರಿಪೇರಿ ಆಗಲಿ, ಒಳಗೆ ತೇವ ಇರುವಾಗ ಮುಚ್ಚಿಸಬೇಡಿ.

ಡ್ಯಾಗರ್‌ಬೋರ್ಡ್ ಕಳೆದುಹೋಗಿದೆ ಅಂತ ಬೆಲೆ ಇಳಿಸಿದ್ದಾರೆ. ಅದಿಲ್ಲದೆ ನಡೆಯಲ್ವಾ?

ನಡೆಯುತ್ತದೆ, ಗಾಳಿ ಹೋದ ಕಡೆಗೆ! ಬೋರ್ಡ್ ಅಡ್ಡಕ್ಕೆ ಜಾರದಂತೆ ತಡೆಯುವುದು, ಹೊರಟ ದಂಡೆಗೇ ತಿರುಗಿ ಬರಲು ಬಿಡುವುದು ಡ್ಯಾಗರ್‌ಬೋರ್ಡ್. ನುರಿತವರು ಹಿಂದಿನ ಫಿನ್ ಒಂದರಲ್ಲೇ ನಿಭಾಯಿಸುತ್ತಾರೆ, ಅವರಿಗೆ ವೇಗ ಇರುತ್ತದೆ. ಹೊಸಬರು ನಿಧಾನಕ್ಕೆ ಹೋಗುತ್ತಾ ಅಡ್ಡಡ್ಡ ಜಾರಿ ಎದುರು ದಂಡೆ ಸೇರುತ್ತಾರೆ. ಸೀಳು ಸರಳವಾಗಿದ್ದು, ಹಲಗೆ ಮೇಲಿನಿಂದ ನೇರ ಇಳಿಯುವ ಬಗೆಯದಾದರೆ ಒಳ್ಳೆಯ ಬಡಗಿ ವಾಟರ್‌ಪ್ರೂಫ್ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟಾರು, ಮೇಲೆ ಎಪಾಕ್ಸಿ ಬಳಿಯಬೇಕು. ಕಾಲಿನಿಂದ ಒತ್ತಿದರೆ ಮಡಚಿ ಒಳಗೆ ಹೋಗುವ ಬಗೆಯದಾದರೆ ಆಸೆ ಬಿಡಿ.

ಬೋರ್ಡಿನ ಮೇಲೆ ಒಂದು ಸಣ್ಣ ಸ್ಕ್ರೂ ಐತಿ. ಯಾತಕ್ಕ?

ಬೋರ್ಡ್ ಉಸಿರಾಡಲು, ಅಂದರೆ ಒಳಗೆ ಬಿಸಿಗೆ ಹಿಗ್ಗಿದ ಗಾಳಿ ಹೊರಗೆ ಹೋಗಲು. ಬಿಸಿಲಲ್ಲಿ ಇಡುವಾಗ, ಗಾಡಿಯಲ್ಲಿ ಸಾಗಿಸುವಾಗ ಸಡಿಲಿಸಿ, ನೀರಿಗಿಳಿಯುವ ಮುಂಚೆ ಬಿಗಿ ಮಾಡಿ. ಅದರಡಿಯ ರಬ್ಬರ್ ರಿಂಗ್ ಒಣಗಿ ಸೀಳಿದ್ದರೆ ಬದಲಿಸಿ. ಎಲ್ಲ ಬೋರ್ಡುಗಳಿಗೂ ಈ ಸ್ಕ್ರೂ ಇರುವುದಿಲ್ಲ.

## ಹಾಯಿ, ಮಾಸ್ಟ್, ಬೂಮ್

ಹಾಯಿ ಹಳದಿಯಾಗಿದೆ. ಒಂದು ವರ್ಷವಾದರೂ ಬಂದೀತಾ?

ಬಟ್ಟೆಯದೋ ಪಾರದರ್ಶಕ ಹಾಳೆಯದೋ ನೋಡಿ. ಬಟ್ಟೆಯಂಥ ಡೇಕ್ರಾನ್ ಹಾಯಿ ವಯಸ್ಸಾದರೆ ಹಿಗ್ಗಿ ಜೋಲುತ್ತದೆ, ಆದರೆ ಥಟ್ಟನೆ ಹರಿಯುವುದಿಲ್ಲ. ಕಲಿಯಲು ಇದೇ ವಾಸಿ, ಗಾಳಿಯ ಪೆಟ್ಟು ಮೆತ್ತಗೆ ತಾಗುತ್ತದೆ. ಹೊಲಿಗೆಯ ದಾರವನ್ನು ಉಗುರಿನಿಂದ ಮೀಟಿ ನೋಡಿ. ಪಟ್ಟನೆ ತುಂಡಾದರೆ ಬಟ್ಟೆ ಗಟ್ಟಿಯಿದ್ದರೂ ಮರುಹೊಲಿಗೆ ಬೇಕು.

ಪಾರದರ್ಶಕ ಹಾಳೆಯ ಹಾಯಿಗೆ ಬಿಸಿಲೇ ಶತ್ರು. ಹಾಲಿನ ಹಾಗೆ ಮಬ್ಬಾಗಿದ್ದರೆ, ಒಂದು ಮೂಲೆಯನ್ನು ಮೆಲ್ಲಗೆ ಮಡಚಿದಾಗ ಚುರುಕ್ ಅಂತ ಸೀಳುಗೆರೆ ಬಿದ್ದರೆ, ಅದು ಮೊದಲ ಬೀಳುವಿಕೆಯಲ್ಲೇ ನಿಮ್ಮ ಮೊಣಕೈಗೆ ಹರಿಯುತ್ತದೆ. ಹಾಳೆ ಒಣಗಿದ ಹಾಯಿಗೆ ದುಡ್ಡು ಕೊಡಬೇಡಿ.

ಅಳತೆಯೂ ಮುಖ್ಯ. ಹಳೆಯ ಉದ್ದ ಬೋರ್ಡುಗಳ ಜೊತೆ ಆರು ಚದರ ಮೀಟರ್ ದಾಟಿದ ಹಾಯಿ ಬರುವುದುಂಟು. ಸಾಧಾರಣ ಮೈಕಟ್ಟಿನ ದೊಡ್ಡವರಿಗೆ ಕಲಿಯಲು ನಾಲ್ಕೂವರೆಯಿಂದ ಐದೂವರೆ ಸಾಕು. ದೊಡ್ಡದಿದ್ದರೆ ಅದರ ಮೇಲೆ ನಿಂತ ನೀರನ್ನೂ ಸೇರಿಸಿ ಎತ್ತಬೇಕಾಗುತ್ತದೆ.

ಹಾಯಿ ಒಬ್ಬರ ಹತ್ತಿರ, ಮಾಸ್ಟ್ ಇನ್ನೊಬ್ಬರ ಹತ್ತಿರ ಸಿಗುತ್ತೆ. ಕೂಡಿಸಿಕೊಂಡರೆ ಆಯ್ತಲ್ಲ?

ಹಳೆ ಸಾಮಾನು ಕೊಂಡು ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಇಲ್ಲೇ ಸುಟ್ಟುಕೊಳ್ಳುವುದು. ಮಾಸ್ಟಿನಲ್ಲಿ ಎರಡು ದಪ್ಪ ಇವೆ: ಬುಡದಲ್ಲಿ ಒಳಗಿನ ವ್ಯಾಸ 48 ಮಿ.ಮೀ. ಇರುವ ದಪ್ಪನೆಯದು, 32 ಮಿ.ಮೀ. ಇರುವ ಸಣ್ಣದು. ಒಂದರ ಎಕ್ಸ್‌ಟೆನ್ಶನ್ (ಉದ್ದ ಹೆಚ್ಚಿಸಲು ಬುಡಕ್ಕೆ ಸೇರಿಸುವ ತುಂಡು) ಇನ್ನೊಂದಕ್ಕೆ ಕೂರದು. 80ರ ದಶಕದ ಹಾಯಿಗೆ ಬೂಮ್ ಉದ್ದ ಬೇಕು, ಈಚಿನ ಗಿಡ್ಡ ಬೂಮ್ ಅದರ ತುದಿ ಮುಟ್ಟುವುದೇ ಇಲ್ಲ. ಹಳೆಯ ಬೂಮನ್ನು ಮಾಸ್ಟಿಗೆ ಹಗ್ಗದಿಂದ ಬಿಗಿಯಬೇಕು, ಈಚಿನದಕ್ಕೆ ಕ್ಲ್ಯಾಂಪ್ ಇರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮಾಸ್ಟನ್ನು ಬೋರ್ಡಿಗೆ ಕೂಡಿಸುವ ಮಾಸ್ಟ್ ಫೂಟ್. 80ರ ದಶಕದಲ್ಲಿ ಒಂದೊಂದು ಕಂಪನಿಯದು ಒಂದೊಂದು ಬಗೆ. ಆ ಬೋರ್ಡಿನದೇ ಫೂಟ್ ಜೊತೆಗಿಲ್ಲದಿದ್ದರೆ ಬೋರ್ಡ್ ಬರೀ ತೇಲುವ ಹಲಗೆ. ಈಚಿನವುಗಳಲ್ಲಿ ಉದ್ದ ತೋಡಿನೊಳಗೆ ಎಂಟು ಮಿ.ಮೀ. ಬೋಲ್ಟಿನಿಂದ ಬಿಗಿಯುವ ಪದ್ಧತಿ ಇರುವುದರಿಂದ ಹೊಂದಿಸುವುದು ಸುಲಭ. ಲೇತ್ ಅಂಗಡಿಯಲ್ಲಿ ನೈಲಾನ್ ರಾಡು ಕಡೆಸಿ ಹೊಂದಿಸೋಣ ಅನ್ನುವವರಿದ್ದಾರೆ. ಮಾಸ್ಟಿನೊಳಗೆ ತುಂಬುವ ಬುಷ್ ಆದರೆ ಸರಿ, ಭಾರ ತಡೆಯುವ ಕೀಲನ್ನೇ ಹಾಗೆ ಮಾಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಹಾಗಾಗಿ ಪೂರ್ತಿ ಸೆಟ್ ಕೊಳ್ಳಿ. ಮಾರುವವರಿಗೆ ಅಲ್ಲೇ ಒಮ್ಮೆ ಎಲ್ಲ ಜೋಡಿಸಿ ಹಾಯಿ ನಿಲ್ಲಿಸಿ ತೋರಿಸಲು ಹೇಳಿ.

ಮಾಸ್ಟಿನ ಬುಡದ ರಬ್ಬರ್ ಕೀಲು ಚೆನ್ನಾಗಿಯೇ ಕಾಣುತ್ತೆ. ಬದಲಿಸಲೇಬೇಕಾ?

ನೆಟ್ಟಗಿದ್ದಾಗ ಎಲ್ಲ ರಬ್ಬರ್ರೂ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಮಗ್ಗುಲಿಗೆ ಬಗ್ಗಿಸಿ, ಬಗ್ಗಿದ ಹೊರಮೈಯನ್ನು ಬೆಳಕಿಗೆ ಹಿಡಿಯಿರಿ, ನಾಲ್ಕೂ ಕಡೆ. ಸಣ್ಣ ಸೀಳುಗಳು ಆಗ ಬಾಯಿ ಬಿಡುತ್ತವೆ. ಸೀಳು ಕಂಡರೆ ಬದಲಿಸಿ, ಎಷ್ಟು ವರ್ಷದ್ದು ಗೊತ್ತಿಲ್ಲದಿದ್ದರೂ ಬದಲಿಸಿ. ನಡುನೀರಿನಲ್ಲಿ ಇದು ಹರಿದರೆ ಹಾಯಿ ಒಂದು ಕಡೆ, ಬೋರ್ಡ್ ಒಂದು ಕಡೆ. ಕೀಲು ಹರಿದರೂ ಎರಡನ್ನೂ ಹಿಡಿದಿಡಲು ಜೊತೆಗೊಂದು ಕಾಯುವ ಪಟ್ಟಿ ಇರುತ್ತದೆ, ಅದೂ ಗಟ್ಟಿ ಇರಲಿ. ಹಗ್ಗಗಳನ್ನೂ ಹೊಸದು ಹಾಕಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಹಾರ್ನೆಸ್ (ಮೈಗೆ ಕಟ್ಟಿಕೊಂಡು ಬೂಮಿಗೆ ಸಿಕ್ಕಿಸುವ ಪಟ್ಟಿ), ಕಾಲು ಸಿಕ್ಕಿಸುವ ಪಟ್ಟಿ ಎಲ್ಲಾ ಸೇರಿಸಿ ಕೊಡ್ತೀನಿ ಅಂತಾರೆ.

ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಕಲಿಯುವಾಗ ಎರಡೂ ಬೇಡ, ಪಟ್ಟಿಗಳಿಗೆ ಬೆರಳು ತಾಗದಂತೆ ಬಿಚ್ಚಿಡಿ. ಆ ದುಡ್ಡಿನಲ್ಲಿ ಲೈಫ್ ಜಾಕೆಟ್ ತಗೊಳ್ಳಿ, ಅದನ್ನು ಮಾತ್ರ ಹೊಸದೇ ತಗೊಳ್ಳಿ.

## ನಮ್ಮ ನೀರು, ನಮ್ಮ ಗಾಳಿ

ಎಲ್ಲಾ ಸರಿ ಐತಿ. ಟಿಬಿ ಡ್ಯಾಮಿನಾಗ ಬಿಡಬಹುದೇನ್ರಿ?

ಅನುಮತಿ ಕೇಳದೆ ಬೇಡ, ಅಣೆಕಟ್ಟಿನ ಹತ್ತಿರವಂತೂ ಬೇಡವೇ ಬೇಡ. ಸಾಮಾನಿನ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ ಇದೆ. ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮದಿಂದ ಬೀಸುತ್ತದೆ. ಜಲಾಶಯ ಅಣೆಕಟ್ಟಿನ ಪಶ್ಚಿಮಕ್ಕೆ, ನೈರುತ್ಯಕ್ಕೆ ಹಬ್ಬಿದೆ. ಅಂದರೆ ಡ್ಯಾಗರ್‌ಬೋರ್ಡ್ ಇಲ್ಲದೆ, ಕೀಲು ಹರಿದು ತೇಲಿದವರನ್ನು ಆ ಗಾಳಿ ತಳ್ಳುವುದು ಗೇಟುಗಳ ಕಡೆಗೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನೀರು ಹೇಗೆ ನುಗ್ಗಿತು ಅಂತ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿ ಕಲಿಯುವವರದ್ದಲ್ಲ. ಗಂಟೆಗೆ 10ರಿಂದ 18 ಕಿ.ಮೀ. ಗಾಳಿ ನಿಮಗೆ ಹಿತ. ಮರದ ಎಲೆ ಬಿಡದೆ ಅಲುಗುತ್ತಿರಬೇಕು, ನೀರಿನ ಮೇಲೆ ಬಿಳಿ ನೊರೆ ಏಳುತ್ತಿರಬಾರದು. ಮಳೆಗಾಲ ಕಳೆದು, ನೀರು ಇನ್ನೂ ತುಂಬಿರುವ ನವೆಂಬರಿನಿಂದ ಫೆಬ್ರುವರಿವರೆಗಿನ ದಿನಗಳು ಮೇಲು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ದಂಡೆ ಪೂರಾ ಕೆಸರು, ಬಂಡೆ, ಮರದ ಮೋಟು. ಡ್ಯಾಗರ್‌ಬೋರ್ಡ್ ಮುರಿಯುವುದು ಆಗಲೇ. ಮೀನುಗಾರರ ಬಲೆ ಎಲ್ಲಿದೆ ಅಂತ ಅವರನ್ನೇ ಕೇಳಿ, ನೀವು ಅಲ್ಲಿ ಇಳಿಯುವುದು ಅವರಿಗೂ ಗೊತ್ತಿರಲಿ.

ಹಂಗಾದ್ರ ಸಾಣಾಪುರ ಕೆರಿ? ಅದು ಸಣ್ಣದಲ್ರಿ.

ಸಣ್ಣದೇ, ಹರಿಗೋಲಿಗೆ ಚೆನ್ನಾಗಿದೆ. ಹಾಯಿಗೆ ಅಷ್ಟಕ್ಕಷ್ಟೆ. ಸುತ್ತ ಬಂಡೆಗುಡ್ಡಗಳು ಗಾಳಿಯನ್ನು ಸೀಳುತ್ತವೆ. ಒಂದು ಗಳಿಗೆ ಏನೂ ಇಲ್ಲ, ಮರುಗಳಿಗೆ ಎಡದಿಂದ ಒಂದು ಪೆಟ್ಟು. ಹೊಸಬರಿಗೆ ಬೇಕಾದದ್ದು ಮೆಲ್ಲಗೆ, ಒಂದೇ ಸಮನೆ ಬರುವ ಗಾಳಿ. ಹೊಳೆಯ ಮಾತಂತೂ ತೆಗೆಯಲೇಬೇಡಿ. ತುಂಗಭದ್ರೆಯ ಸೆಳವು ಇದೆ, ಮೊಸಳೆಯೂ ಇದೆ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿವರೆಗಿನ ನದಿಭಾಗ 2015ರಿಂದ ನೀರುನಾಯಿಗಳ ಸಂರಕ್ಷಣಾ ಪ್ರದೇಶ ಬೇರೆ.

ಗಾಳಿಯ ಪಾಠವನ್ನು ಮೊದಲು ಗೊತ್ತಿರುವವರ ಹತ್ತಿರ ಕಲಿತು ಬನ್ನಿ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಹುಸೇನ್ ಸಾಗರದಲ್ಲಿ ಹಾಯಿದೋಣಿಯ ಕ್ಲಬ್ಬುಗಳಿವೆ. ದೋಣಿಯಾಗಲಿ ಬೋರ್ಡಾಗಲಿ, ಗಾಳಿ ಓದುವ ವಿದ್ಯೆ ಒಂದೇ.

ರಾಯಚೂರು ಬಿಸಿಲಿನ್ಯಾಗ ಇದನ್ನ ಎಲ್ಲಿ ಇಡಬೇಕ್ರಿ?

ಮಾಳಿಗೆ ಮೇಲೆ ಬೇಡ, ತಗಡಿನ ಶೆಡ್ಡಿನ ಸೂರಿಗೆ ತಾಗಿಸಿಯೂ ಬೇಡ. ಏಪ್ರಿಲ್, ಮೇನಲ್ಲಿ ಒಳಗಿನ ಫೋಮ್ ಬಿಸಿಗೆ ಹಿಗ್ಗಿ ಮೈಪದರವನ್ನು ಎಬ್ಬಿಸುತ್ತದೆ. ನೆರಳಿನ ಗೋಡೆಗೆ ಪಕ್ಕದ ಅಂಚಿನ ಮೇಲೆ ನಿಲ್ಲಿಸಿ, ಅಡಿಗೆ ಹಳೇ ಗೋಣಿಚೀಲ ಹಾಕಿ. ಹಾಯಿಯನ್ನು ಮಡಚದೆ ಸುತ್ತಿಟ್ಟು ಮೇಲಿನಿಂದ ತೂಗುಹಾಕಿ. ಕಾಳಿನ ಚೀಲಗಳ ಪಕ್ಕ ಇಟ್ಟರೆ ಇಲಿಗೆ ಹಾಯಿಯೂ ಒಂದೇ, ಚೀಲವೂ ಒಂದೇ.

## ತುಸು ಮುಂದಿನ ಪ್ರಶ್ನೆಗಳು

ಇದು ಒಲಿಂಪಿಕ್ಸ್ ಬೋರ್ಡ್ ಅಂತ ಹೇಳಿ ಮಾರುತ್ತಿದ್ದಾರೆ. ಒಳ್ಳೆಯದೇ ಇರಬೇಕಲ್ಲ?

ಯಾವ ಒಲಿಂಪಿಕ್ಸ್ ಅಂತ ಕೇಳಿ. ವಿಂಡ್‌ಸರ್ಫಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ, ಆಗಿನದು ವಿಂಡ್‌ಗ್ಲೈಡರ್ ಎಂಬ ಉದ್ದ ಬೋರ್ಡ್. 1988 ಮತ್ತು 1992ರಲ್ಲಿ ಬಳಸಿದ ಲೆಕ್ನರ್ ಬೋರ್ಡುಗಳ ತಳ ಉರುಟು. ನಿಂತರೆ ಹೊರಳುತ್ತವೆ, ಹೊಸಬರಿಗೆ ಶಿಕ್ಷೆ. 1996ರಿಂದ 2004ರವರೆಗಿನ ಮಿಸ್ಟ್ರಲ್ ಒನ್ ಡಿಸೈನ್ ಸಿಕ್ಕರೆ ಮಾತ್ರ ಕಿವಿ ನಿಮಿರಿಸಿ. ಸುಮಾರು 3.7 ಮೀಟರ್ ಉದ್ದ, 200 ಲೀಟರ್ ದಾಟಿದ ಗಾತ್ರ, ಡ್ಯಾಗರ್‌ಬೋರ್ಡ್ ಎಲ್ಲ ಇದೆ. ಅದರ 7.4 ಚದರ ಮೀಟರ್ ಹಾಯಿಯನ್ನು ಬದಿಗಿಟ್ಟು ಸಣ್ಣದು ಹಾಕಿದರೆ ಕಲಿಯಬಹುದು, ಕಲಿತ ಮೇಲೂ ಬೇಸರ ತರದು. 2008ರಿಂದ ಬಂದ ಆರ್‌ಎಸ್ಎಕ್ಸ್ 93 ಸೆಂ.ಮೀ. ಅಗಲ ಇದೆ, ಬಿಡಿಭಾಗಗಳು ಮಾತ್ರ ದುಬಾರಿ.

ಮೊಬೈಲಿನಾಗ ನೋಡೀನ್ರಿ, ಬೋರ್ಡ್ ನೀರು ಬಿಟ್ಟು ಮ್ಯಾಲ ಏಳತೈತಿ. ಆ ಫಾಯಿಲ್ ನನ್ನ ಹಳೇ ಬೋರ್ಡಿಗೆ ಕೂಡಿಸಬಹುದೇನ್ರಿ?

ಫಾಯಿಲ್ ಅಂದರೆ ಬೋರ್ಡಿನಡಿ ಕಂಬದ ತುದಿಗಿರುವ ರೆಕ್ಕೆ, ಓಡುವಾಗ ಬೋರ್ಡನ್ನು ನೀರಿನಿಂದ ಎತ್ತುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಅಂಥವೇ. ಆದರೆ ಹಳೆಯ ಬೋರ್ಡಿಗೆ ಬೇಡ. ಫಿನ್ ಪೆಟ್ಟಿಗೆಯನ್ನು ಒಂದು ಸಣ್ಣ ರೆಕ್ಕೆಯ ಭಾರ ತಡೆಯಲು ಮಾಡಿರುತ್ತಾರೆ. ಫಾಯಿಲಿನ ಕಂಬ ಮುಕ್ಕಾಲು ಮೀಟರಿಗಿಂತ ಉದ್ದ, ನಿಮ್ಮ ಪೂರ್ತಿ ತೂಕ ಅದರ ತುದಿಯಲ್ಲಿ ನಿಂತು ಪೆಟ್ಟಿಗೆಯನ್ನು ಮೀಟುತ್ತದೆ, ಪೆಟ್ಟಿಗೆ ಫೋಮ್ ಸಮೇತ ಕಿತ್ತು ಬರುತ್ತದೆ. ಮೇಲಾಗಿ ಹಿನ್ನೀರಿನ ದಂಡೆ ಎಷ್ಟೋ ದೂರ ಸೊಂಟದಾಳವೇ, ಕಂಬ ಮೊದಲು ನೆಲ ಮುಟ್ಟುತ್ತದೆ. ಫಾಯಿಲಿಗೆ ಅಂತ ತಯಾರಕರೇ ಬರೆದು ಕೊಟ್ಟ ಪೆಟ್ಟಿಗೆ ಇರುವ ಬೋರ್ಡಿಗೆ ಮಾತ್ರ ಅದನ್ನು ಹಾಕಿ. ಅದೂ ಹಾರ್ನೆಸ್ ಹಾಕಿಕೊಂಡು, ಹೋದ ದಂಡೆಗೇ ಪ್ರತಿಸಲ ಮರಳಿ ಬರುವಷ್ಟು ಕಲಿತ ಮೇಲೆ.